ನಿಂತಂತೆ ಕಂಡ ಗಾಲಿ

ನಿನ್ನೆ ಮೊಮ್ಮಗಳು ತೆಗೆದ ವಿಡಿಯೊದಲ್ಲಿ ಜೋರಾಗಿ ತಿರುಗುತ್ತಿದ್ದ ಫ್ಯಾನು ನಿಂತೇಬಿಟ್ಟಿತ್ತು. "ಕ್ಯಾಮೆರಾ ಹಿಡಿಯೋದು ಬಿಡಿಬಿಡಿ ಚಿತ್ರ ಅಜ್ಜಿ. ಪ್ರತಿ ಚಿತ್ರದಲ್ಲೂ ರೆಕ್ಕೆ ಅದೇ ಜಾಗಕ್ಕೆ ಬಂದ್ರೆ ನಿಂತ ಹಾಗೇ ಕಾಣುತ್ತೆ. ಹಳೇ ಟ್ಯೂಬ್‌ಲೈಟು ನಮಗೆ ಗೊತ್ತಾಗದಷ್ಟು ಬೇಗ ಮಿಣುಕುತ್ತಲ್ಲ, ಅದರ ಬೆಳಕಲ್ಲಿ ಬರಿಗಣ್ಣಿಗೂ ಹೀಗೇ" ಎಂದಳು. ನನಗೆ ಬೆಂದ ರೇಷ್ಮೆಗೂಡಿನ ವಾಸನೆ ಬಂತು.

ರಾಮನಗರದ ಬೀದಿಬೀದಿಯಲ್ಲೂ ನೂಲು ತೆಗೆಯುತ್ತಿದ್ದ ಕಾಲ. ಅವ್ವ ಕೆಲಸ ಮಾಡುತ್ತಿದ್ದ ಶೆಡ್ಡಿಗೆ ಕಿಟಕಿ ಇರಲಿಲ್ಲ. ಮಾಲೀಕರು ಕೈರಾಟೆಗಳಿಗೆ ಮೋಟಾರು ಕೂರಿಸಿ, ಹಗಲೂ ಉರಿಯುವ ಟ್ಯೂಬ್‌ಲೈಟು ಹಾಕಿಸಿದ್ದರು. ಒಂದು ಮಧ್ಯಾಹ್ನ ಕಡಿದ ಎಳೆಯೊಂದು ಮೋಟಾರಿನ ಗಾಲಿಗೆ ಸಿಕ್ಕಿಕೊಂಡಿತು. ಅಷ್ಟು ಮೋಟಾರುಗಳ ಸದ್ದಿನಲ್ಲಿ ತನ್ನದರ ಸದ್ದು ಬೇರೆಯಾಗಿ ಕೇಳದೆ, ಅದನ್ನು ಯಾರೋ ನಿಲ್ಲಿಸಿದ್ದಾರೆಂದುಕೊಂಡು ಅವ್ವ ಕೈ ಹಾಕಿದಳು. ಎರಡು ಬೆರಳು ಮುರಿದವು.

"ಕಣ್ಣು ಕಾಣಾಕಿಲ್ವಾ ನಿಂಗೆ?" ಎಂದರು ಮಾಲೀಕರು.

"ನಿಂತಿತ್ತು ಕಣಣ್ಣ. ಗಾಲಿದು ನಾಕು ಕಡ್ಡಿನೂ ಕಾಣ್ತಿತ್ತು."

"ನಿಂತಿರೋ ಗಾಲಿ ಬೆರಳು ಮುರಿತದಾ? ತೂಕಡಿಸ್ತಿದ್ದೆ ಅನ್ನು."

ಹೆಂಗಸರು ನಕ್ಕರು. ಅವ್ವ ಪಕ್ಕದಲ್ಲಿ ಕೂತಿದ್ದ ನನ್ನತ್ತ ತಿರುಗಿದಳು. "ನಿಂಗೆಂಗ್ ಕಾಣ್ತು, ಯೋಳವ್ವ."

ನನಗೂ ನಿಂತೇ ಕಂಡಿತ್ತು. ಮಾಲೀಕರಿಗೆ ಹೆದರಿ, "ತಿರುಗ್ತಿತ್ತು" ಎಂದೆ.

ಆಮೇಲೆ ಅವ್ವ ತಾನು ಕಂಡದ್ದನ್ನು ಯಾರಿಗೂ ಹೇಳಲಿಲ್ಲ. ಸಾತನೂರಿನ ಬಸ್ಸು ಎದುರಿಗೇ ಬರುತ್ತಿದ್ದರೂ, ಬಂತಾ ಎಂದರೆ "ನೀನೇ ನೋಡವ್ವ" ಎನ್ನುತ್ತಿದ್ದಳು. ಹೊಸ ದೀಪದ ಮೇಲೆ ಒಬ್ಬರಿಗಾದರೂ ಅನುಮಾನ ಬರಲಿಲ್ಲವಲ್ಲ ಎಂದು ಈಗಲೂ ಮೈ ಉರಿಯುತ್ತದೆ.

ಗಾಲಿ ನಿಂತ ಹಾಗೇ ಕಾಣುತ್ತಿತ್ತು ಎಂದು ಇವತ್ತು ಇಲ್ಲಿ ಬರೆಯುತ್ತಿದ್ದೇನೆ. ಅವ್ವ ಇಲ್ಲ. ಅಂದು ನಕ್ಕವರಲ್ಲೂ ಯಾರೂ ಉಳಿದಿಲ್ಲ.