ದೊಡ್ಡಪ್ಪನ ಎಲೆಯ ಕಜ್ಜಾಯ

ಸತ್ತವರು ಬಂದು ಉಣ್ಣುತ್ತಾರೆ ಎಂಬುದನ್ನು ನಾನು ಎಂದೂ ನಂಬಿದವನಲ್ಲ. ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿದವನು. ಮನೆಯಲ್ಲಿ ಯಾರಾದರೂ ಕನಸು, ಶಕುನ ಎಂದರೆ ಜಗಳಕ್ಕೇ ನಿಲ್ಲುತ್ತಿದ್ದೆ. ಈಗಲೂ ನಂಬುವುದಿಲ್ಲ. ಆದರೆ ಕೆಲವು ವರ್ಷಗಳ ಹಿಂದೆ, ಮಹಾಲಯ ಅಮಾವಾಸ್ಯೆಯ ಮಧ್ಯಾಹ್ನ, ಕೋಗಿಲಿನ ನಮ್ಮ ಮನೆಯಲ್ಲಿ ನಡೆದದ್ದು ಇನ್ನೂ ನನ್ನನ್ನು ಬಿಟ್ಟಿಲ್ಲ. ಹೇಳುತ್ತೇನೆ. ಇದರಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಅನುಮಾನಿಸುವುದು ನನ್ನ ನೆನಪನ್ನೇ.

ನನಗೆ ಆರು ವರ್ಷವಿದ್ದಾಗ ಅಪ್ಪ ತೀರಿಕೊಂಡರು. ಅಮ್ಮನನ್ನೂ ನನ್ನನ್ನೂ ಮನೆಯಲ್ಲಿಟ್ಟುಕೊಂಡು ಸಾಕಿದವರು ದೊಡ್ಡಪ್ಪ, ಅಪ್ಪನ ಅಣ್ಣ. ಯಶವಂತಪುರದ ಕಡೆ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಅಷ್ಟೂ ದಿನ ರಜೆ ಹಾಕಿ ಶಾಲೆಯ ಗೇಟಿನ ಹೊರಗೆ ಕೂತಿದ್ದರು. ಹೊರಗೆ ಬಂದಾಗ ಪೇಪರ್ ಹೇಗಿತ್ತು ಎಂದು ಒಂದು ದಿನವೂ ಕೇಳಲಿಲ್ಲ. "ಹಸಿವಾಯ್ತಾ?" ಎನ್ನುತ್ತಿದ್ದರು, ಅಷ್ಟೇ. ನೆಂಟರಲ್ಲಿ ಯಾರಿಗೆ ಆಪರೇಷನ್ ಆದರೂ ಹೊರಗಿನ ಬೆಂಚಿನ ಮೇಲೆ ದೊಡ್ಡಪ್ಪ ಇದ್ದೇ ಇರುತ್ತಿದ್ದರು. ಅವರು ತೀರಿಹೋದ ದಿನ ನಮ್ಮ ಬೀದಿಯ ಕ್ಷೌರದಂಗಡಿಯವನು ಷಟರ್ ಎಳೆದು ಬಂದು, ಯಾರ ಜೊತೆಗೂ ಮಾತಾಡದೆ, ಸಂಜೆಯವರೆಗೆ ನಮ್ಮ ಬಾಗಿಲ ಹೊರಗಿನ ಚಪ್ಪಲಿಗಳ ಪಕ್ಕ ಕೂತಿದ್ದ.

ಅವರಿಗೊಂದು ಅಭ್ಯಾಸವಿತ್ತು. ಊಟದಲ್ಲಿ ಸಿಹಿ ಬಡಿಸಿದರೆ ಮುಟ್ಟದೆ ಪಕ್ಕದವರ ಎಲೆಗೆ ದಾಟಿಸುತ್ತಿದ್ದರು. "ನಂಗೆ ಸಿಹಿ ಸೇರಲ್ಲ, ನೀನ್ ತಿನ್ನು." ಅವರ ಪಕ್ಕ ಕೂರಲು ನಾನೂ ಅವರ ಒಬ್ಬಳೇ ಮಗಳು ಲತಾಳೂ ಹೊಡೆದಾಡುತ್ತಿದ್ದೆವು.

ಕೊನೆಗೆ ಸಕ್ಕರೆ ಕಾಯಿಲೆ ಮೂತ್ರಪಿಂಡಕ್ಕೆ ಇಳಿದು ಆಸ್ಪತ್ರೆ ಸೇರಿದರು. ಒಂದು ಸಂಜೆ ನಾನೊಬ್ಬನೇ ಪಕ್ಕದಲ್ಲಿದ್ದೆ.

"ಒಂದು ಕಜ್ಜಾಯ ಸಿಗುತ್ತೇನೋ?" ಎಂದರು.

ಅವರು ತಮಗಾಗಿ ಏನನ್ನಾದರೂ ಕೇಳಿದ್ದು ಅದೇ ಮೊದಲು. ನಕ್ಕುಬಿಟ್ಟೆ. "ನಿಮಗೆ ಸಿಹಿ ಸೇರಲ್ವಲ್ಲ ದೊಡ್ಡಪ್ಪ? ವಾಸಿಯಾಗ್ಲಿ, ಮನೆಗೆ ಹೋಗಿ ತಿನ್ನೋರಂತೆ."

"ಸರಿ ಬಿಡು" ಎಂದು ಗೋಡೆಯ ಕಡೆ ತಿರುಗಿಕೊಂಡರು. ಮೂರನೆಯ ದಿನ ಹೋದರು.

ಕಾರ್ಯವೆಲ್ಲ ಮುಗಿದ ಮೇಲೆ ಇದನ್ನು ದೊಡ್ಡಮ್ಮನಿಗೆ ಹೇಳಿದೆ. "ಕಜ್ಜಾಯ ಅಂದ್ರೆ ಅವ್ರಿಗೆ ಪ್ರಾಣ ಕಣಪ್ಪ. ನೀವೆಲ್ಲ ತಿಂದಾದ್ಮೇಲೆ ಡಬ್ಬದ ತಳದ ಪುಡಿ ಬಳ್ಕೊಂಡು ತಿನ್ನೋರು." ನನ್ನನ್ನು ಬೈಯಲಿಲ್ಲ. ಆದರೆ ಅಂದಿನಿಂದ ನಮ್ಮ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟರು. ಅಡುಗೆಮನೆಯಲ್ಲಿ ನಿಂತುಕೊಂಡೇ ಎರಡು ತುತ್ತು ತಿಂದು ಕೈತೊಳೆಯುತ್ತಿದ್ದರು.

ಆ ವರ್ಷದ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮಲ್ಲಿ ಫೋಟೋಗಳ ಮುಂದೆ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಕಾಯುತ್ತೇವೆ. ಅವರು ಉಣ್ಣಲಿ ಎಂದು. ದೊಡ್ಡಮ್ಮ ಬೆಳಿಗ್ಗೆಯೇ ಎರಡು ದೊಡ್ಡ ಕಜ್ಜಾಯ ತೆಗೆದಿಟ್ಟಿದ್ದರು. "ಇವತ್ತಾದ್ರೂ ತಿನ್ಲಿ" ಎಂದರು, ನನ್ನ ಮುಖ ನೋಡದೆ.

ದೊಡ್ಡಪ್ಪನಿಗೊಂದು ಎಲೆ, ಪಕ್ಕದಲ್ಲಿ ಅಪ್ಪನಿಗೊಂದು. ಮುದ್ದೆ, ಕೋಳಿ ಸಾರು, ಕೊನೆಯಲ್ಲಿ ಎಲೆಗೊಂದು ಕಜ್ಜಾಯ. ಲತಾ ಕೆಂಪಾಪುರದ ಗಂಡನ ಮನೆಯಲ್ಲಿ ಹಸಿ ಬಾಣಂತಿ, ಬರುವಂತಿರಲಿಲ್ಲ. ಅವಳಿಗೆ ಕಳಿಸಲು ಫೋನಿನಲ್ಲಿ ಫೋಟೋ ತೆಗೆದೆ. ಆಮೇಲೆ ಊದುಬತ್ತಿ ಹಚ್ಚಿ ಅಡ್ಡಬಿದ್ದು, ಹೊರಗೆ ಬಂದು ಬಾಗಿಲು ಎಳೆದೆ. ಹತ್ತು ನಿಮಿಷದ ನಂತರ ದೊಡ್ಡಮ್ಮ ಮೂರು ಸಲ ಬಾಗಿಲು ತಟ್ಟಿ ತೆರೆದರು.

ದೊಡ್ಡಪ್ಪನ ಎಲೆಯಲ್ಲಿ ಕಜ್ಜಾಯ ಇರಲಿಲ್ಲ. ಅಪ್ಪನ ಎಲೆಯಲ್ಲಿ ಎರಡಿದ್ದವು, ಒಂದರ ಮೇಲೊಂದು.

"ಅಷ್ಟೊಂದು ಲೆಕ್ಕ ಓದಿದೋನಿಗೆ ಎರಡು ಎಲೆಗೆ ಎರಡು ಹಾಕೋಕೆ ಬರ್ಲಿಲ್ವಾ?" ಎಂದಳು ಅಮ್ಮ. ದೊಡ್ಡಮ್ಮ ನಗಲಿಲ್ಲ. ನನ್ನ ಕೈ ಹಿಡಿದು ಕೇಳಿದರು: "ನೀನು ಮುಟ್ಟಿದ್ಯಾ? ನಿಜ ಹೇಳು."

"ಇಲ್ಲ ದೊಡ್ಡಮ್ಮ" ಎಂದೆ, ತಕ್ಷಣವೇ.

ದೊಡ್ಡಮ್ಮನ ಮುಖದಲ್ಲಿ ಎಂಟು ತಿಂಗಳಿಂದ ಕಾಣದಿದ್ದ ನಗು ಬಂತು. "ನೋಡ್ದಾ, ಅಲ್ಲೋದ್ರೂ ತಮ್ಮಂಗೇ ಕೊಟ್ಟವ್ರೆ. ಇಂಗೇ ಕಣಪ್ಪ ಇವ್ರು, ಯಾವತ್ತೂ ಇಂಗೇ." ಸೆರಗಿನಿಂದ ಕಣ್ಣೊರೆಸಿಕೊಂಡು ಅವರು ಅಂದು ನಮ್ಮ ಜೊತೆ ಸಾಲಿನಲ್ಲಿ ಕೂತು ಉಂಡರು.

ಆ ಕೋಣೆಯನ್ನು ನಾನು ಆಮೇಲೆ ಪರೀಕ್ಷಿಸಿದೆ. ಕಿಟಕಿಗೆ ಸೊಳ್ಳೆ ಜಾಲರಿ ಇತ್ತು, ಬಾಗಿಲ ಮುಂದೆ ನಾವೇ ನಿಂತಿದ್ದೆವು. ಬೆಕ್ಕು ಹೊಕ್ಕಿದ್ದರೆ ಕೋಳಿಯನ್ನು ಬಿಟ್ಟು ಕಜ್ಜಾಯಕ್ಕೆ ಬಾಯಿ ಹಾಕುತ್ತಿತ್ತೇ? ಫೋನಿನ ಫೋಟೋದಲ್ಲಿ ದೊಡ್ಡಪ್ಪನ ಎಲೆಯ ಮೇಲೆ ಕಜ್ಜಾಯ ಸ್ಪಷ್ಟವಾಗಿ ಕಾಣುತ್ತದೆ. ಉಳಿಯುವುದು ಫೋಟೋ ತೆಗೆದ ಮೇಲಿನ ಒಂದೆರಡು ನಿಮಿಷ. ಆಗ ಒಳಗಿದ್ದವನು ನಾನೊಬ್ಬನೇ. ಅಡ್ಡಬಿದ್ದಾಗ ಆಸ್ಪತ್ರೆಯ ಆ ಸಂಜೆ ನೆನಪಾಗಿ ಕಣ್ಣು ತುಂಬಿತ್ತು, ಅಷ್ಟು ಗೊತ್ತು. ನನ್ನ ಕೈ ಏನು ಮಾಡಿತೋ ಗೊತ್ತಿಲ್ಲ. ಅಂದು ಅಷ್ಟು ಖಚಿತವಾಗಿ ಹೇಳಿದ "ಇಲ್ಲ" ನಿಜವಾಗಿತ್ತೇ, ದೊಡ್ಡಮ್ಮ ಉಣ್ಣಲಿ ಎಂದು ಬಾಯಿಗೆ ಬಂದದ್ದೇ? ಈಗ ಬೇರ್ಪಡಿಸಲಾರೆ.

ನಾನೇ ದಾಟಿಸಿದ್ದರೆ ಅಲ್ಲಿಗೆ ಮುಗಿಯಿತು. ನಾನಲ್ಲ ಎನ್ನುವುದಾದರೆ, ಅದನ್ನು ದೊಡ್ಡಮ್ಮ ಓದಿದಂತೆ ಓದಲು ನನಗೆ ಆಗುವುದಿಲ್ಲ. ತಮ್ಮನಿಗೆ ಕೊಟ್ಟರು ಎನ್ನುತ್ತಾರೆ ಅವರು. ನನ್ನ ಕೈಯಿಂದ ಬೇಡವೆಂದರು ಎನಿಸುತ್ತದೆ ನನಗೆ.

ಮರುವರ್ಷ ನಾನು ಒಲ್ಲೆ ಎಂದೆ; ಅಂದಿನಿಂದ ಎಡೆ ಇಡುತ್ತಿರುವುದು ಲತಾಳ ಗಂಡ. ಬಾಗಿಲು ತೆರೆದಾಗಲೆಲ್ಲ ನನ್ನ ಕಣ್ಣು ಮೊದಲು ಹೋಗುವುದು ಆ ಎಲೆಗೆ. ಕಜ್ಜಾಯ ಇಟ್ಟಲ್ಲೇ ಇರುತ್ತದೆ. "ಈ ಸಲ ಅವ್ರೇ ತಿಂದ್ರು" ಎಂದು ದೊಡ್ಡಮ್ಮ ಸಮಾಧಾನಪಡುತ್ತಾರೆ. ಮೊನ್ನೆ ಫೋನ್ ಮಾಡಿ, "ಈ ವರ್ಷ ನೀನೇ ಇಡಪ್ಪ, ನಂಗೂ ವಯಸ್ಸಾಯ್ತು, ಇನ್ನೆಷ್ಟು ವರ್ಷ ನೋಡ್ತೀನೋ" ಎಂದರು. ನಾನಿನ್ನೂ ಹೂಂ ಅಂದಿಲ್ಲ.