ಹಿಮ್ಮಡಿಯಿಲ್ಲದ ಹೆಜ್ಜೆ

ಎರಡೂ ಪಾದಗಳಿಗೆ ಗೋಣಿತಟ್ಟು ಸುತ್ತಿ, ಮೇಲೆ ಸುತಳಿ ಬಿಗಿದುಕೊಂಡು ಅವರು ಖೋ ಖೋ ಮೈದಾನಕ್ಕೆ ಇಳಿಯುತ್ತಿದ್ದರು. ಪಂದ್ಯ ಮುಗಿದು ಎಲ್ಲರೂ ಹೊರಬಿದ್ದ ಮೇಲೆ, ನೀರು ಚಿಮುಕಿಸಿ ರೋಲರ್ ಎಳೆಯುವ ಮೊದಲು, ಈ ಕಂಬದಿಂದ ಆ ಕಂಬದವರೆಗೆ ಒಮ್ಮೆ ತಲೆ ತಗ್ಗಿಸಿ ನಡೆದು ಬರುವುದು ಅವರ ಪದ್ಧತಿ. ಬರಿಗಾಲಲ್ಲಿ ಓಡಿದ ಹುಡುಗಿಯರ ಹೆಜ್ಜೆಗಳೊಳಗೆ ತಮ್ಮ ಹೆಜ್ಜೆ ಬೆರೆಯಬಾರದೆಂದು ಆ ಗೋಣಿ. ಆಸ್ಪತ್ರೆಯಿಂದ ಬ್ಯಾಂಡೇಜಿನ ಸಮೇತ ತಪ್ಪಿಸಿಕೊಂಡು ಬಂದ ರೋಗಿಯ ಹಾಗೆ ಕಾಣುತ್ತಿದ್ದರು. ನಾವು ಮೆಟ್ಟಿಲ ಮೇಲೆ ಕುಳಿತು ನಗುತ್ತಿದ್ದೆವು.

ನಮಗೆಲ್ಲ ಅವರು ಮೈದಾನದ ಕಾಕಾ. ಯಾದಗಿರಿ ಕಡೆಯವರು. ಪುಣೆಗೆ ಬಂದದ್ದು ಸ್ಲ್ಯಾಬ್ ಹಾಕುವ ಕೂಲಿಗೆ. ಸೊಂಟಕ್ಕೆ ಪೆಟ್ಟು ಬಿದ್ದ ಮೇಲೆ ನಮ್ಮ ಕಾಲೇಜಿನಲ್ಲಿ ಸುಣ್ಣದ ಗೆರೆ ಎಳೆಯುವ, ನೆಲ ಹದ ಮಾಡುವ ಕೆಲಸಕ್ಕೆ ಸೇರಿದ್ದರು. ಯೆರವಡಾದಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದರು. ನಾನು ಕನ್ನಡದವನೆಂದು ತಿಳಿದ ದಿನದಿಂದ ಪ್ರತಿ ಶನಿವಾರ ಒಂದು ಜೋಳದ ರೊಟ್ಟಿ, ಶೇಂಗಾ ಚಟ್ನಿ ನನಗೆಂದೇ ಬೇರೆ ಕಟ್ಟಿಸಿಕೊಂಡು ತರುತ್ತಿದ್ದರು. ಗೆದ್ದೆವು, ಸೋತೆವು ಎಂಬ ಮಾತು ಅವರ ಬಾಯಲ್ಲಿ ಬರುತ್ತಿರಲಿಲ್ಲ. ಪಂದ್ಯ ಹೇಗಾಯಿತು ಎಂದು ಕೇಳಿದರೆ, ನೆಲ ಇವತ್ತು ಭಾಳ ತುಳಿಸಿಕೊಂಡದ ಎನ್ನುತ್ತಿದ್ದರು, ಅಥವಾ ಕಂಬದ ಹತ್ತಿರ ಯಾರೋ ಅಂಜಿದ್ದಾರೆ ಎನ್ನುತ್ತಿದ್ದರು. ಅಂಜಿಕೆ ನೆಲದಲ್ಲಿ ಕಾಣುತ್ತದೆಯೇ ಎಂದು ನಾನು ಕೆಣಕಿದರೆ, "ನಿಮಗ ಕಾಣಂಗಿಲ್ರಿ ವಕೀಲ್ರ, ನೀವು ಬರೇ ಬಾಯಿ ನೋಡ್ತೀರಿ" ಅಂದಿದ್ದರು ಒಮ್ಮೆ.

ನಾನು ವಕೀಲನಲ್ಲ. ಕಾಲೇಜಿನ ಚರ್ಚಾ ತಂಡದಲ್ಲಿದ್ದೆ. ಚೀಟಿ ಎತ್ತಿದಾಗ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ; ಎದುರಾಳಿಯ ಮಾತಿನಲ್ಲಿ ಸಡಿಲವಾದ ಇಟ್ಟಿಗೆ ಯಾವುದೆಂದು ಹುಡುಕಿ ಎಳೆಯುವುದೇ ನನಗೆ ಗೊತ್ತಿದ್ದ ಆಟ. ಓಡಲು ಬಾರದ ಐದಾರು ಮಂದಿ ನಾವು ಆ ಮೆಟ್ಟಿಲ ಮೇಲೆ ಕುಳಿತು, ಓಡುವವರ ಬಗ್ಗೆ, ಓಡಿಸುವವರ ಬಗ್ಗೆ ತೀರ್ಪು ಕೊಡುತ್ತಿದ್ದೆವು. ಖೋ ಖೋದಲ್ಲಿ ತಪ್ಪಿಸಿಕೊಳ್ಳುವ ತಂಡ ಮೂರು ಮೂರು ಮಂದಿಯಾಗಿ ಕಣಕ್ಕಿಳಿಯುತ್ತದೆ. ಮೊದಲ ಮೂವರು ಯಾರು, ಕೊನೆಯ ಮೂವರು ಯಾರು ಎಂಬುದು ಕೋಚ್ ತೀರ್ಮಾನ. ನಮ್ಮ ಜಗಳವೆಲ್ಲ ಅದರದ್ದೇ. ಚಹಾ ಆರಿ ಕೆನೆಗಟ್ಟಿದರೂ ಅದು ಮುಗಿಯುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಯ ಒಂದು ವರ್ಷ. ನದಿಯಾಚೆಯ ಕಾಲೇಜಿಗೆ ನಾವು ವರ್ಷ ವರ್ಷವೂ ಸೋಲುತ್ತಿದ್ದೆವು. ಆ ಸಲ ಲೀಗ್ ಪಂದ್ಯದಲ್ಲಿ ಒಂದೇ ಅಂಕದಿಂದ ಸೋತೆವು. ನಮ್ಮ ನಾಯಕಿ ತಂಡದಲ್ಲೇ ಎಲ್ಲರಿಗಿಂತ ಚುರುಕು. ಬೆನ್ನಟ್ಟುವವಳ ಕೈಗೆ ಗಾಳಿ ಮಾತ್ರ ಸಿಗುತ್ತಿತ್ತು. ಅಂಥವಳನ್ನು ಕೋಚ್ ಸರ್ ಕೊನೆಯ ಮೂವರಲ್ಲಿ ಇಟ್ಟಿದ್ದರು. ಅವಳು ಒಳಗೆ ಬರುವಷ್ಟರಲ್ಲಿ ಸಮಯ ಮುಗಿಯುತ್ತ ಬಂದಿತ್ತು. ಎಂಟು ದಿನಕ್ಕೆ ಅದೇ ಕಾಲೇಜಿನ ಜೊತೆ ಫೈನಲ್.

ಅಂದು ಸಂಜೆ ಮೆಟ್ಟಿಲ ಮೇಲೆ ಕೋಚ್ ಸರ್ ವಿರುದ್ಧ ಮೊಕದ್ದಮೆಯೇ ನಡೆಯಿತು. ಹೆದರುಪುಕ್ಕಲ ಎಂದವರು ಕೆಲವರು, ನದಿಯಾಚೆ ಅಳಿಯತನ ಬೆಳೆಸಿದ್ದಾರೆ ಎಂದು ನಕ್ಕವರು ಕೆಲವರು. ನಾನು ಅಂಶಗಳನ್ನು ಜೋಡಿಸಿ ಮಾತಾಡುತ್ತಿದ್ದೆ. ಕಾಕಾ ನೆಲ ನೋಡಿ ಮುಗಿಸಿ, ಗೋಣಿ ಬಿಚ್ಚದೆಯೇ ನಮ್ಮ ಬಳಿ ಬಂದು ನಿಂತರು. ಹಾಗೆ ಅವರು ಎಂದೂ ಬಂದಿರಲಿಲ್ಲ.

"ಸರ್‌ಗ ಬೈಬ್ಯಾಡ್ರಿ. ನಮ್ಮ ಪೋರಿ ಒಬ್ಬಾಕಿ ಎಡಗಾಲ ಹಿಮ್ಮಡ ಊರಲಾರದ ಓಡ್ಲಿಕತ್ಯಾಳ. ಬರೇ ಕಾಲ್ಬಟ್ಟಿನ ಮ್ಯಾಲ. ಸರ್ ಅದನ್ನೆಲ್ಲಾ ನೋಡಿನs ಸಾಲು ಮಾಡ್ಯಾರ."

ಕಾಕಾಗೆ ಮರಾಠಿ ತಕ್ಕಮಟ್ಟಿಗೆ ಬರುತ್ತಿತ್ತು, ಆದರೆ ಉದ್ವೇಗದಲ್ಲಿ ಕನ್ನಡವೇ ಬಂತು. ಉಳಿದವರಿಗಾಗಿ ನಾನು ಮರಾಠಿಗೆ ತಿರುಗಿಸಿದೆ. ಆಮೇಲೆ ಅವರತ್ತ ತಿರುಗಿ ನನ್ನ ಅಭ್ಯಾಸದ ಪ್ರಶ್ನೆ ಹಾಕಿದೆ: ಒಂಬತ್ತು ಹುಡುಗಿಯರು ಓಡಿದ್ದಾರೆ, ಅವರ ಹೆಜ್ಜೆಗಳ ಮೇಲೆ ಎದುರು ತಂಡದವರು ತುಳಿದಿದ್ದಾರೆ. ಆ ಹೆಜ್ಜೆ ಯಾರದು? ಹೆಸರು ಹೇಳಿ.

ಅವರು ಸುತಳಿಯ ಗಂಟನ್ನು ನೋಡುತ್ತ ನಿಂತರು. "ಹೇಳಂಗಿಲ್ರಿ" ಎಂದರು.

ಗೆಳೆಯರೆಲ್ಲ ನನ್ನ ಮುಖ ನೋಡುತ್ತಿದ್ದರು. ನಾನು ಮರಾಠಿಯಲ್ಲಿ ಹೇಳಿದೆ: "ಮಾಹೀತ ನಾಹೀ ಮ್ಹಣತಾತ." ಗೊತ್ತಿಲ್ಲವಂತೆ.

ಅದು ಬಾಯಿ ತಪ್ಪಿ ಬಂದ ಮಾತಲ್ಲ. ಹೇಳುವುದಿಲ್ಲ ಎನ್ನುವ ಸಾಕ್ಷಿ ಅಪಾಯಕಾರಿ, ಗೊತ್ತಿಲ್ಲ ಎನ್ನುವ ಸಾಕ್ಷಿ ಸತ್ತ ಸಾಕ್ಷಿ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಎಲ್ಲರೂ ಹೋ ಎಂದು ನಕ್ಕರು. ಒಬ್ಬ ನೆಲಕ್ಕೆ ಬಗ್ಗಿ ಇರುವೆಯ ಹೆಜ್ಜೆ ಗುರುತಿಸುವ ನಾಟಕ ಮಾಡಿದ. ಕಾಕಾ ನನ್ನನ್ನು ನೋಡಿದರು. ನಾನು ಹೇಳಿದ್ದು ಅವರಿಗೆ ಅರ್ಥವಾಗಿದೆ ಎಂದು ನನಗೆ ಅರ್ಥವಾಯಿತು. ತಿದ್ದಿದರೆ ಗೊತ್ತಿದೆ ಎಂದು ಒಪ್ಪಿದಂತೆ. ಒಪ್ಪಿದರೆ ನಾವು ಹೆಸರು ಬಿಡಿಸದೆ ಬಿಡುವವರಲ್ಲ. ಅವರು ನೀರಿನ ಝಾರಿ ಎತ್ತಿಕೊಂಡು ಹೋದರು.

ನಾಯಕಿಯನ್ನು ಮೊದಲ ಮೂವರಲ್ಲೇ ಇಳಿಸಬೇಕು ಎಂದು ನಾನೇ ಒಂದು ಮನವಿ ಬರೆದೆ. ಕಾಲೇಜಿನ ಅರ್ಧಕ್ಕರ್ಧ ಹುಡುಗರು ಸಹಿ ಹಾಕಿದರು. ಕಾಲೇಜಿನ ಮೇಲಿನವರು ನಾಯಕಿಯ ಜೊತೆ ಕೋಚ್ ಸರ್‌ರನ್ನು ಕರೆಸಿದರು. ಸರ್ ಕೂಡ ಕಾರಣ ಹೇಳಲಿಲ್ಲವಂತೆ, ನಾಯಕಿಯ ಕಡೆ ನೋಡಿದರಂತೆ, ಅವಳು ಆಗಲಿ ಎಂದು ತಲೆಯಾಡಿಸಿದಳಂತೆ. ಇದನ್ನು ನಾನು ನನ್ನ ಪರವಾದ ವಾದವಾಗಿ ಎಷ್ಟೋ ಸಲ ಬಳಸಿದ್ದೇನೆ: ಅವಳೇ ಒಪ್ಪಿದ್ದಳು. ಎದುರು ಯಾರೂ ಇಲ್ಲದಾಗಲೂ ಆ ವಾದ ಬಿದ್ದುಹೋಗುತ್ತದೆ.

ಫೈನಲ್‌ನಲ್ಲಿ ಅವಳು ಓಡಿದ್ದನ್ನು ನೋಡಿದವರು ಮರೆಯಲಾರರು. ಜೊತೆಯ ಇಬ್ಬರೂ ಔಟಾದರು. ಅವಳೊಬ್ಬಳೇ ಸಾಲಿನ ಒಳಗೆ ಹೊರಗೆ ಎಳೆ ಹೆಣೆದಂತೆ ಓಡುತ್ತಲೇ ಇದ್ದಳು. ಆಮೇಲೆ ಕಂಬ ಸುತ್ತುವಾಗ ಒಣಕಟ್ಟಿಗೆ ಮುರಿದಂಥ ಒಂದು ಸದ್ದು. ಅವಳು ಕೂಗಲಿಲ್ಲ, ಯಾರೋ ಕೂರು ಎಂದು ಹೇಳಿದಂತೆ ಕುಳಿತುಬಿಟ್ಟಳು. ಹಿಮ್ಮಡಿಯ ಮೇಲಿನ ನರ ಹರಿದಿತ್ತು. ಅವಳು ಅಷ್ಟು ಹೊತ್ತು ಉಳಿದದ್ದಕ್ಕೇ ನಾವು ಎರಡು ಅಂಕಗಳಿಂದ ಗೆದ್ದೆವು. ಅಂದರೆ, ನನ್ನ ವಾದ ಸರಿಯಾಗಿತ್ತು. ನನ್ನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಮೇಲಿನಿಂದ ನೋಡಿದೆ: ಕಾಕಾ ಗೋಣಿಗಾಲಲ್ಲಿ ಕಂಬದ ಬಳಿಗೆ ಹೋಗಿ, ಮಣ್ಣು ಹೊರುವ ಬುಟ್ಟಿಯನ್ನು ನೆಲದ ಮೇಲೆ ಬೋರಲು ಹಾಕಿದರು.

ಮರುದಿನ ಬೆಳಿಗ್ಗೆ ಅವರೇ ಕರೆದರು. ಇಡೀ ಮೈದಾನ ನೀರು ಕುಡಿದು, ರೋಲರ್ ಹಾಯ್ದು ನುಣ್ಣಗಾಗಿತ್ತು, ಬುಟ್ಟಿಯ ಅಡಿಯೊಂದನ್ನು ಬಿಟ್ಟು. ಎತ್ತಿದರು. ಐದು ಬೆರಳು, ಆಳವಾಗಿ ಒತ್ತಿದ ಪಾದದ ಮುಂಭಾಗ. ಹಿಂದೆ ಏನೂ ಇಲ್ಲ.

ಆಮೇಲೆ ಅವರು ಹೇಳಿದ್ದು ತಮ್ಮ ಸ್ಲ್ಯಾಬಿನ ಕಾಲದ ಕಥೆ. ಹಸಿ ಕಾಂಕ್ರೀಟಿನ ಮೇಲೆ ಯಾರೋ ಹಾಯ್ದು ಹೋಗಿದ್ದರು. ಕೂಲಿಗಳ ಮೇಸ್ತ್ರಿ ಮುಕಾದಮ ಇವರನ್ನು ಕರೆದು ಯಾರ ಕಾಲೆಂದು ಕೇಳಿದ. ಇವರು ನೋಡಿದ ಕೂಡಲೇ ಹೇಳಿದರು, ಹೇಳಬಲ್ಲೆನೆಂಬ ಹೆಮ್ಮೆಯಿತ್ತು. ಆ ಹೆಜ್ಜೆಯ ಕೂಲಿ ಹೆಂಗಸನ್ನು ಕೂಸಿನ ಸಮೇತ ಆಗಲೇ ಕೆಲಸದಿಂದ ಓಡಿಸಿದರು. ಕೂಸು ಸ್ಲ್ಯಾಬಿನ ಅಂಚಿಗೆ ಹೋಗಿತ್ತೆಂದು ಹಿಡಿಯಲು ಓಡಿದ್ದಳು ಎಂಬುದು ಆಮೇಲೆ ತಿಳಿಯಿತು.

"ಅವತ್ತಿನಿಂದ ಯಾರ ಹೆಜ್ಜಿ ಅಂತ ನಾ ಹೇಳಂಗಿಲ್ಲ. ಈ ಪೋರಿ ಸರ್ಕಾರಿ ನೌಕರಿಗೆ ಓಡಿ ತೋರಸಬೇಕಿತ್ತು, ಆಟದ ಕೋಟಾದಾಗ. ಕಾಲು ಕೆಟ್ಟದ ಅಂತ ಊರಿಗೆಲ್ಲ ಗೊತ್ತಾದ್ರ ಯಾರು ಕರೀತಾರ್ರಿ? ಸರ್‌ಗೂ ಕೈಮುಗದು ಹೇಳಿದ್ಲು, ಯಾರ ಮುಂದೂ ಅನಬ್ಯಾಡ್ರಿ ಅಂತ." ಬುಟ್ಟಿಯನ್ನು ಬದಿಗಿಟ್ಟು ಅಂದರು, "ನೀವು ಅವತ್ತ ನನ್ನ ಮಾತು ತಿರುವಿದ್ರಿ. ನನಗ ತಿಳೀಲಿಲ್ಲ ಅನಕೋಬ್ಯಾಡ್ರಿ."

ಝಾರಿಯನ್ನು ನನ್ನ ಕೈಗೆ ಕೊಟ್ಟರು. ಆ ಹೆಜ್ಜೆಯ ಮೇಲೆ ನೀರು ಹಾಕಿದವನು ನಾನು. ಬೆರಳುಗಳು ಒಂದೊಂದಾಗಿ ಕರಗಿದವು, ಹೆಬ್ಬೆರಳು ಎಲ್ಲಕ್ಕಿಂತ ಕೊನೆಗೆ.

ಕೋಚ್ ಸರ್ ಆ ವರ್ಷವೇ ಕಾಲೇಜು ಬಿಟ್ಟರು. ನಾಯಕಿ ನೌಕರಿಯ ಓಟಕ್ಕೆ ಹೋಗಲಿಲ್ಲ. ನಾನು ಚರ್ಚೆ ಬಿಟ್ಟೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಬಿಡಲಿಲ್ಲ, ಇನ್ನೂ ಎರಡು ಪಾರಿತೋಷಕ ಗೆದ್ದೆ. ಕಾಕಾ ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಮುಂದಿನ ಶನಿವಾರವೂ ರೊಟ್ಟಿ ಬಂತು. ಬೈದಿದ್ದರೆ ಎದುರು ವಾದಿಸಿ ಹಗುರಾಗುತ್ತಿದ್ದೆ. ರೊಟ್ಟಿಯ ಜೊತೆ ಏನು ವಾದಿಸುವುದು?

ಮನೆಯಲ್ಲಿ ಬಚ್ಚಲಿನಿಂದ ಬಂದವರ ಒದ್ದೆ ಹೆಜ್ಜೆ ಮೊಸಾಯಿಕ್ ನೆಲದ ಮೇಲೆ ಬಿದ್ದರೆ ಈಗಲೂ ನನ್ನ ಕಣ್ಣು ಮೊದಲು ಹಿಮ್ಮಡಿಯನ್ನು ಹುಡುಕುತ್ತದೆ. ಹೊಸ ಕಟ್ಟಡದ ಹಸಿ ಸಿಮೆಂಟು ಕಂಡರೆ ಎದುರಿನ ಫುಟ್‌ಪಾತಿಗೆ ಹೋಗುತ್ತೇನೆ. ಆ ಸದ್ದನ್ನು ಕೆಲವೊಮ್ಮೆ ಯಾರೋ ಪೆನ್ಸಿಲ್ ಮುರಿದಾಗ ಕೇಳುತ್ತೇನೆ. ದೆವ್ವ ಭೂತಗಳನ್ನು ನಂಬುವವನಲ್ಲ ನಾನು, ಪುರಾವೆ ಕೇಳುವವನು. ನನ್ನನ್ನು ಕಾಡುತ್ತಿರುವುದು ಪುರಾವೆಯೇ.

ಕೆಲವು ವರ್ಷಗಳ ನಂತರ ಮಳೆ ನಿಂತ ಒಂದು ಮುಂಜಾನೆ, ಮೆಟ್ಟಿಲ ಕಾಲದ ಗೆಳೆಯನೊಬ್ಬ ಫೋನ್ ಮಾಡಿದ. ಅಂದು ಇರುವೆಯ ನಾಟಕ ಮಾಡಿದವನೇ. ಕಾಕಾ ಹೋದರಂತೆ. ಅವನ ಸ್ಕೂಟರಿನಲ್ಲಿ ಕೋಥರೂಡದಿಂದ ಯೆರವಡಾಕ್ಕೆ ಹೋದೆವು. ದಾರಿಯುದ್ದಕ್ಕೂ ಆ ಫೈನಲ್ಲನ್ನೇ ನೆನೆಸಿಕೊಂಡ. ಅವನ ನೆನಪಿನಲ್ಲಿ ಅದು ನಾವು ಗೆದ್ದ ಪಂದ್ಯ.

ಓಣಿಯ ಕೊನೆಯ ತಗಡಿನ ಮನೆ. ಹೊಸ್ತಿಲ ಮುಂದೆ ಕೆಂಪು ಮಣ್ಣು ಹಾಕಿಸಿದ್ದರು, ಇನ್ನೂ ಹಸಿ. ಚಪ್ಪಲಿ ಬಿಟ್ಟು ಒಳಗೆ ಹೋದವರ ಹೆಜ್ಜೆಗಳು ಒಂದರ ಮೇಲೊಂದು ಬಿದ್ದಿದ್ದವು. ಬಾಗಿಲಿನಿಂದ ಬಿಳಿ ಬಟ್ಟೆಯಾಚೆ ಅವರ ಎರಡು ಪಾದ ಕಂಡವು. ಗೋಣಿಯಾಗಲಿ ಚಪ್ಪಲಿಯಾಗಲಿ ಇಲ್ಲದೆ ನೋಡಿದ್ದು ಅದೇ ಮೊದಲು. ಮಣ್ಣಿನಲ್ಲಿ ಒತ್ತಿದ್ದರೆ ಅವು ಯಾರವೆಂದು ನನಗೆ ಗೊತ್ತಾಗುತ್ತಿರಲಿಲ್ಲ.

ಹೊಸ್ತಿಲಿನ ಹತ್ತಿರ ಒಂದು ಎಡ ಹೆಜ್ಜೆ ಬೇರೆಯಾಗಿಯೇ ಬಿದ್ದಿತ್ತು. ಬೆರಳುಗಳಷ್ಟೇ. ಒಳಗಿನ ಹೆಂಗಸರ ಗುಂಪಿನಲ್ಲಿ ಸೆರಗು ಹೊದ್ದು ಗೋಡೆಗೆ ಮುಖ ಮಾಡಿ ಕುಳಿತವಳನ್ನು ಗೆಳೆಯ ಗಮನಿಸಿರಲಿಲ್ಲ. ಅವನು ನೆಲ ನೋಡಿ, ಕಾಕಾ ಇದ್ದಿದ್ದರೆ ಇದು ಯಾರ ಕಾಲೆಂದು ಹೇಳುತ್ತಿದ್ದರು, ನಿನಗೆ ಗೊತ್ತಾಗುತ್ತದೇನೋ ವಕೀಲ, ಎಂದು ಮರಾಠಿಯಲ್ಲಿ ಮೆಲ್ಲಗೆ ಕೇಳಿದ.

"ಮಾಹೀತ ಆಹೇ," ಎಂದೆ. ಗೊತ್ತಿದೆ. "ಸಾಂಗಣಾರ ನಾಹೀ." ಹೇಳುವುದಿಲ್ಲ.

ಆ ಹೆಜ್ಜೆಯನ್ನು ತುಳಿಯದಂತೆ ಕಾಲು ಎತ್ತಿ ಒಳಗಿಟ್ಟೆ.