ಚೀಲದಲ್ಲಿ ಉಳಿದ ಚೆಂಡು

ಮೊಮ್ಮಗಳು, ನನ್ನ ಪುಳ್ಳಿ, ಟೀಚರ್ ಆದಳು ಎಂದು ಈಗಲೂ ದಿನಕ್ಕೆರಡು ಸಲ ಹೇಳಿ ನೋಡುತ್ತೇನೆ. ನಾನು ಮೂರನೇ ಕ್ಲಾಸು ದಾಟದವಳು; ಶಂಕರಪುರದಲ್ಲಿ ಮಲ್ಲಿಗೆ ಕಟ್ಟಿಯೇ ಬೆರಳು ಸವೆದದ್ದು. ಅವಳು ಮಣಿಪಾಲದ ಒಂದು ಶಾಲೆಯಲ್ಲಿ ಆಯಾ ಆಗಿದ್ದಳು. ಸಣ್ಣ ಮಕ್ಕಳ ಮೂಗು ಒರೆಸುವುದು, ಊಟ ಮಾಡಿಸುವುದು, ಚಡ್ಡಿ ಬದಲಿಸುವುದು. ಡಿಗ್ರಿ ಆಗಿತ್ತು, ಬಿ.ಎಡ್. ಓದಿಸಲು ನಮ್ಮಿಂದ ಆಗಿರಲಿಲ್ಲ. ಶಾಲೆಯವರೇ ಫೀಸು ಕಟ್ಟಿ ಓದಿಸಿದರು. ಹಾಗೆ ಆಯಾಗಳನ್ನು ಓದಿಸುವ ಕ್ರಮ ಅಲ್ಲಿ ಉಂಟು. ಒಬ್ಬಳು ಮುಗಿಸಿದ ಮೇಲೆ ಇನ್ನೊಬ್ಬಳು.

ಅವಳು ಟೀಚರ್ ಕೆಲಸಕ್ಕೆ ಸೇರಿದ ದಿನ ನಾನು ಹೂ ಮಾರಲಿಲ್ಲ. ಮದುವೆ ಸೀಸನ್ನು, ಮಲ್ಲಿಗೆಗೆ ಚಿನ್ನದ ರೇಟು. ಇರಲಿ ಎಂದು ಕಟ್ಟಿದ ಹೂವಿನ ಚೆಂಡುಗಳನ್ನೆಲ್ಲ ಬಾಳೆಲೆಯಲ್ಲಿ ಸುತ್ತಿ ಬಸ್ಸು ಹತ್ತಿದೆ.

“ಎಂತ ಅಜ್ಜಿ, ಹೂವಿನ ಅಂಗಡಿಯೇ ಹೊರಟಿತಾ?” ಎಂದ ಕಂಡಕ್ಟರ್.

“ನನ್ನ ಪುಳ್ಳಿ ಟೀಚರ್, ಮಾರಾಯ!”

ಇಡೀ ಬಸ್ಸಿಗೆ ಕೇಳಿತು. ಕೇಳಲಿ ಎಂದೇ ಹೇಳಿದ್ದು.

ಟೀಚರುಗಳ ಕೋಣೆಯಲ್ಲಿ ಮೊದಲು ಹೆಡ್ ಮೇಡಂಗೆ, ಮತ್ತೆ ಒಬ್ಬೊಬ್ಬರಿಗೂ ಮೊಳ ಹಾಕಿ ಕತ್ತರಿಸಿ ಕೊಟ್ಟೆ. ಬಾಗಿಲ ಹತ್ತಿರ ನೀಲಿ ಸೀರೆಯ ಹುಡುಗಿಯೊಬ್ಬಳು ಮಗುವನ್ನು ಸೊಂಟದಲ್ಲಿ ಇಟ್ಟುಕೊಂಡು ನಿಂತಿದ್ದಳು. ನನ್ನ ಕೈ ಅವಳನ್ನು ದಾಟಿ, ಹಿಂದಿದ್ದ ಟೀಚರಿಗೆ ಹೂ ಕೊಟ್ಟಿತು.

“ಅಜ್ಜಿ, ನನಗೆ ಇಲ್ವಾ?”

“ಮುಗಿಯಿತು, ಮಗಾ.”

“ಅಡ್ಡಿಲ್ಲ. ಇನ್ನು ಓದುವ ಸರದಿ ನನ್ನದು. ನಾನೂ ಟೀಚರ್ ಆಗ್ತೇನಲ್ಲ, ಆಗ ಕೊಡಿ, ಆಯ್ತಾ?”

ಎಲ್ಲರೂ ನಕ್ಕರು. ನನ್ನ ಪುಳ್ಳಿ ನಗಲಿಲ್ಲ. ಗೇಟಿನವರೆಗೆ ನನ್ನ ಜೊತೆ ಬಂದು, ಮೆಲ್ಲಗೆ ಹೇಳಿದಳು: “ಪರೀಕ್ಷೆಗೆ ನಾನು ರಜೆ ಹಾಕಿದಾಗಲೆಲ್ಲ ನನ್ನ ಪಾಲಿನ ಶಾಲೆ ಮಕ್ಕಳನ್ನೂ ನೋಡಿಕೊಂಡದ್ದು ಅವಳೇ ಅಜ್ಜಿ. ಕಾರ್ಕಳದಿಂದ ಮೊದಲ ಬಸ್ಸಿಗೇ ಬರ್ತಿದ್ದಳು.”

ನನ್ನ ಚೀಲದಲ್ಲಿ ಇನ್ನೂ ಒಂದು ಚೆಂಡು ಇತ್ತು. ಕಾಪುವಿನ ಗುಡಿಯ ಅಮ್ಮನಿಗೆಂದು ತೆಗೆದಿಟ್ಟದ್ದು. ದೇವರ ಹೂವನ್ನು ಬಿಚ್ಚುವುದು ಹೇಗೆ ಎಂದು ಬಸ್ಸಿನಲ್ಲಿ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಇನ್ನೊಬ್ಬ ಟೀಚರ್ ಬಂದಿದ್ದರೆ ಬಿಚ್ಚುತ್ತಿದ್ದೆ. ಆಯಾಗಳ ಅಂಥದೇ ನೀಲಿ ಸೀರೆಯನ್ನು, ಪುಳ್ಳಿ ಉಟ್ಟದ್ದನ್ನು, ಹೋದ ತಿಂಗಳವರೆಗೆ ನಮ್ಮ ಬಾವಿಕಟ್ಟೆಯಲ್ಲಿ ಒಗೆದವಳು ನಾನೇ ಅಲ್ವಾ? ಅದನ್ನುಟ್ಟವಳು ನನ್ನ ಕಣ್ಣಿಗೆ ಬೀಳಲಿಲ್ಲ. ಕಾಪುವಿನಲ್ಲಿ ಇಳಿದು ಅಮ್ಮನಿಗೆ ಹೂ ಒಪ್ಪಿಸಿದೆ. ತಲೆ ಎತ್ತಿ ಮುಖ ನೋಡಲು ಆಗಲಿಲ್ಲ.

ಮರುದಿನ ಬೆಳಿಗ್ಗೆ ಹೊಸ ಚೆಂಡೊಂದನ್ನು ಪುಳ್ಳಿಯ ಕೈಯಲ್ಲಿಟ್ಟೆ. “ಆ ಹುಡುಗಿಗೆ ಕೊಡು.”

ಅವಳು ಅದನ್ನು ತಿರುಗಿ ನನ್ನ ಮಡಿಲಲ್ಲೇ ಇಟ್ಟಳು. “ನೀವೇ ಬಂದು ಕೊಡಿ.”

ಹೋದೆ. ಬಸ್ಸಿನಲ್ಲಿ ಅದೇ ಕಂಡಕ್ಟರ್. ಕಿಟಕಿಯ ಕಡೆ ಮುಖ ಮಾಡಿ ಕುಳಿತೆ. ಆ ಹುಡುಗಿ ಶಾಲೆಯ ನಲ್ಲಿಯ ಹತ್ತಿರ ಮಕ್ಕಳ ಕೈ ತೊಳೆಸುತ್ತಿದ್ದಳು. ಬಾಳೆಲೆ ಬಿಚ್ಚಿ ಇಡೀ ಚೆಂಡನ್ನು ಅವಳ ಮುಂದೆ ಹಿಡಿದೆ.

ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿ ಹೂ ತೆಗೆದುಕೊಂಡಳು. ಮೂಸಿದಳು.

“ಇವತ್ತು ರೇಟು ಇಳಿದಿದೆಯಾ ಅಜ್ಜಿ?” ಎಂದು ಕಣ್ಣು ಮಿಟುಕಿಸಿ, ಮುಡಿಸಲೆಂದು ಹೂವನ್ನು ನನ್ನ ಕೈಗೇ ಕೊಟ್ಟು ಬೆನ್ನು ತಿರುಗಿಸಿ ಬಗ್ಗಿ ನಿಂತಳು.

ಮೊಳ ಹಾಕಲಿಲ್ಲ; ಇಡೀ ಚೆಂಡನ್ನು ಅವಳ ಜಡೆಗೆ ಸುತ್ತಿ ಪಿನ್ನು ಹಾಕಿದೆ.